ಅರುಲಿಯೋ, ಅರುಳಿಯೋ?

ಬನಶಂಕರಿ ಎರಡನೇ ಹಂತದ ನನ್ನ ಬಾಡಿಗೆ ಮನೆಯಲ್ಲಿ ಪುಸ್ತಕಗಳಿಗಿಂತ ಹೆಚ್ಚು ಜಾಗ ಹಿಡಿದಿರುವುದು ನಾಲ್ಕಡಿ ಉದ್ದದ ಒಂದು ಗಾಜಿನ ತೊಟ್ಟಿ. ಬೆಂಗಳೂರು ಬಿಟ್ಟು ಹೊರಟ ಗೆಳತಿಯೊಬ್ಬಳು ತನ್ನ ಮಂಚ, ಮಿಕ್ಸಿಗಳನ್ನೆಲ್ಲ ಮಾರಿ, ಮಾರಲು ಮನಸ್ಸು ಬಾರದ ಇದನ್ನು ನನ್ನ ತಲೆಗೆ ಕಟ್ಟಿದಳು. ಒಳಗೆ ಬೆಳ್ಳಿ ಮೈಯ, ಪಕ್ಕೆಯಲ್ಲಿ ಕಪ್ಪು ಪಟ್ಟೆಗಳಿದ್ದ ಆರು ಮೀನು. "ಅರೂಲಿಯಸ್ ಬಾರ್ಬ್ ಅಂತ. ಆರಕ್ಕಿಂತ ಕಡಿಮೆ ಆಗೋಕೆ ಬಿಡಬೇಡ, ಗುಂಪಿಲ್ದಿದ್ರೆ ಇವು ಬದುಕಲ್ಲ" ಅಂದಿದ್ದಳು.

ಎರಡನೇ ವಾರವೇ ನಾನು ಆ ಮಾತು ಮುರಿದೆ. ನೀರು ಕೊಳಕಾಗಿದೆಯೆಂದು ಅರ್ಧ ತೊಟ್ಟಿ ಖಾಲಿ ಮಾಡಿ, ನಲ್ಲಿಯ ನೀರನ್ನು ನೇರವಾಗಿ ತುಂಬಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಮಗೆ ನಿರಪಾಯವಾದ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಬಾಯಿ ತೆರೆದಿಟ್ಟರೆ ಅದು ಹಾರಿಹೋಗುತ್ತದೆ ಎಂಬುದೆಲ್ಲ ಆಮೇಲೆ ತಿಳಿಯಿತು. ಉಳಿದ ನಾಲ್ಕು ಮೂಲೆ ಸೇರಿದವು. ಗುಂಪು ಮೀನುಗಳು ಒಂದನ್ನೊಂದು ಕಣ್ಣಿಂದ ನೋಡುತ್ತ, ಮೈಯ ಪಕ್ಕದಲ್ಲಿರುವ ಸೂಕ್ಷ್ಮ ಗೆರೆಯಿಂದ ನೀರಿನ ಅಲುಗಾಟ ಗ್ರಹಿಸುತ್ತ ಜೊತೆಯಾಗಿ ತಿರುಗುತ್ತವೆ. ಸಂಖ್ಯೆ ಕುಗ್ಗಿದರೆ ಅವಕ್ಕೆ ಧೈರ್ಯ ಕುಗ್ಗುತ್ತದೆ, ಪರಸ್ಪರ ಕಚ್ಚಾಟವೂ ಶುರುವಾಗುತ್ತದೆ.

ಎರಡು ಮೀನು ಕೊಳ್ಳಲು ಜೆ.ಪಿ. ನಗರದ ಅಂಗಡಿಯೊಂದಕ್ಕೆ ಹೋದೆ. "ಫಾರಿನ್ ಐಟಮ್ ಮೇಡಂ, ಯಾವಾಗ್ಲೂ ಸಿಗಲ್ಲ" ಎಂದು ಅಂಗಡಿಯವರು ಪ್ಲಾಸ್ಟಿಕ್ ಚೀಲಕ್ಕೆ ಆಮ್ಲಜನಕ ತುಂಬಿ ಕಟ್ಟಿಕೊಟ್ಟರು. ಅಂದು ರಾತ್ರಿ ಈ ಫಾರಿನ್ ಮೀನು ಯಾವ ದೇಶದ್ದೆಂದು ಹುಡುಕಹೊರಟವಳಿಗೆ ಸಿಕ್ಕಿದ್ದು ಶ್ರೀರಂಗಪಟ್ಟಣ.

ಹತ್ತೊಂಬತ್ತನೇ ಶತಮಾನದ ಮೈಸೂರಿನ ದಾಖಲೆಗಳಲ್ಲಿ ಮೂರು ವರ್ಷದಿಂದ ಮುಳುಗಿರುವ ನನಗೆ ಆ ಊರು ಯುದ್ಧದ್ದು, ಒಪ್ಪಂದದ್ದು, 1799ರದ್ದು. ಮೀನಿನದ್ದೆಂದು ಯಾವತ್ತೂ ಅನ್ನಿಸಿರಲಿಲ್ಲ. ಥಾಮಸ್ ಜೆರ್ಡನ್ ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿಯ ವೈದ್ಯನಾಗಿದ್ದವನು. ಭಾರತದ ಹಕ್ಕಿಗಳ ಬಗ್ಗೆ ಅವನು ಬರೆದ ಗ್ರಂಥ ಪ್ರಸಿದ್ಧ. ಅವನೇ 1849ರಲ್ಲಿ 'ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್' ಪತ್ರಿಕೆಯಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ವರ್ಣಿಸುತ್ತ, ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಕಂಡ ಒಂದು ಮೀನಿಗೆ 'ಸಿಸ್ಟೋಮಸ್ ಅರುಲಿಯಸ್' ಎಂದು ಹೆಸರಿಟ್ಟ. 'ಅರುಲಿ' ಎಂಬುದು ಅಲ್ಲಿನ ಜನ ಆ ಮೀನನ್ನು ಕರೆಯುತ್ತಿದ್ದ ಹೆಸರು. ಜೆರ್ಡನ್ ಅದಕ್ಕೊಂದು ಲ್ಯಾಟಿನ್ ಬಾಲ ಅಂಟಿಸಿದ, ಅಷ್ಟೆ. ನನ್ನ ಗೆಳತಿ ನಾಲಗೆ ಹೊರಳಿಸಿ ಹೇಳುತ್ತಿದ್ದ 'ಅರೂಲಿಯಸ್' ಕಾವೇರಿ ದಡದಿಂದ ಹೋದ ಮಾತು.

ಇದು ಜೆರ್ಡನ್ ಒಬ್ಬನ ಪದ್ಧತಿಯಲ್ಲ. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ತೆರಿಗೆ, ಜಾತಿಗಳನ್ನೆಲ್ಲ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ನಮ್ಮ ಇತಿಹಾಸ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ದೊಡ್ಡ ಪುಸ್ತಕ ತಂದ. ಇವತ್ತು ಜಯನಗರದಿಂದ ಬಿ.ಟಿ.ಎಂ.ವರೆಗಿನ ಅಂಗಡಿಗಳಲ್ಲಿ ಮಾರುವ, ನೀಲಿ ಗೆರೆಯ ಪುಟಾಣಿ ಜೀಬ್ರಾ ಡೇನಿಯೋ ಆ ಪುಸ್ತಕದ್ದು. 'ಡೇನಿಯೋ' ಎಂಬುದು ಬಂಗಾಳಿಯ 'ಧಾನಿ', ಭತ್ತದ ಗದ್ದೆಯ ಮೀನು. 'ಪುಂಟಿಯಸ್' ಬಂಗಾಳಿಯ 'ಪುಂಟಿ'. ಬಲೆ ಬೀಸಿದವರ ಹೆಸರು ಯಾರೂ ಬರೆದಿಡಲಿಲ್ಲ. ಅವರು ಆಡಿದ ಪದ ಮಾತ್ರ ವಿಜ್ಞಾನದ ಪಟ್ಟಿಯೊಳಗೆ ಉಳಿಯಿತು. ಪತ್ರಾಗಾರದಲ್ಲಿ ಕೂತು ಮೀನುಗಾರರ ಒಂದು ಸಾಲಿಗಾಗಿ ವಾರಗಟ್ಟಲೆ ಕಾದಿರುವ ನನಗೆ, ಅಂಥ ಸಾಲು ಅಂಗಡಿಯ ಬೆಲೆಪಟ್ಟಿಯಲ್ಲಿ ಸಿಕ್ಕಿತೆಂದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎಲ್ಲ ಮೀನಿಗೂ ಈ ಭಾಗ್ಯವಿಲ್ಲ. ಕೇರಳದ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳಲ್ಲಿ ಗುಂಪುಗುಂಪಾಗಿ ಓಡುವ, ಕಣ್ಣಿಂದ ಕೆಂಪು ಗೆರೆ ಎಳೆದಂತಿರುವ ಒಂದು ಚೆಲುವಾದ ಮೀನಿದೆ. ಫ್ರಾನ್ಸಿಸ್ ಡೇ ಎಂಬ ಇನ್ನೊಬ್ಬ ವೈದ್ಯ 1865ರಲ್ಲಿ ಅದಕ್ಕೆ ಆಗಿನ ಮದ್ರಾಸ್ ಗವರ್ನರ್ ವಿಲಿಯಂ ಡೆನಿಸನ್ನನ ಹೆಸರಿಟ್ಟ. ಗವರ್ನರನಿಗೂ ಆ ಹೊಳೆಗೂ ಏನು ಸಂಬಂಧವೋ! ವ್ಯಾಪಾರಿಗಳು ಅದನ್ನು 'ಮಿಸ್ ಕೇರಳ' ಮಾಡಿದರು. 1990ರ ದಶಕದಿಂದ ಹೊರದೇಶಗಳಲ್ಲಿ ಅದಕ್ಕೆ ಬೇಡಿಕೆ ಹೆಚ್ಚಿ, ಹೊಳೆಯಿಂದ ಬಾಚಿ ಸಾಗಿಸಿದ್ದರಿಂದ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. 2013ರಲ್ಲಿ ಸಂಶೋಧಕರು ಅದರ ಕುಲಕ್ಕೆ 'ಸಹ್ಯಾದ್ರಿಯಾ' ಎಂದು ಹೊಸ ಹೆಸರು ಕೊಟ್ಟರು. ಗವರ್ನರ್ ಮಾತ್ರ ಹೆಸರಿನ ದ್ವಿತೀಯಾರ್ಧದಲ್ಲಿ ಕದಲದೆ ಕೂತಿದ್ದಾನೆ.

ಹಾಗಾದರೆ ಬೆಂಗಳೂರಿನವರು 'ನಮ್ಮದು' ಅಂದುಕೊಂಡ ಸಣ್ಣ ಮೀನು ಯಾವುದು? ಗಪ್ಪಿ. ನೀರಿನ ಸಂಪಿಗೆ, ತೆರೆದ ಬಾವಿಗೆ, ಮನೆಮುಂದಿನ ಕಲ್ಲುಬಾನಿಗೆ ಬಿಡುವ ಸೊಳ್ಳೆಮೀನು. ಅದು ದಕ್ಷಿಣ ಅಮೆರಿಕದ ಉತ್ತರ ಅಂಚಿನದು. ಟ್ರಿನಿಡಾಡ್ ದ್ವೀಪದಿಂದ ಮಾದರಿ ಕಳಿಸಿದ ಲೆಚ್ಮಿಯರ್ ಗಪ್ಪಿ ಎಂಬಾತನ ಹೆಸರು ಅದಕ್ಕೆ. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ಮಲೇರಿಯಾ ವಿರುದ್ಧದ ಸಿಪಾಯಿಯಾಗಿ ಭಾರತಕ್ಕೆ ಬಂತು, ಸೊಳ್ಳೆಮರಿ ತಿನ್ನುತ್ತದೆಂಬ ಕಾರಣಕ್ಕೆ. ಅದರ ಬೆನ್ನಿಗೇ ಗಾಂಬೂಸಿಯಾ ಬಂತು. ನಮ್ಮ ಕೊಳವೆಬಾವಿಯ ಗಡಸು ನೀರು ಗಪ್ಪಿಗೆ ಚೆನ್ನಾಗಿ ಒಗ್ಗುತ್ತದೆ. ಅಮೆಜಾನಿನ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾ ಇಲ್ಲಿ ನರಳುವುದೂ, ಗಪ್ಪಿ ತಿಂಗಳಿಗೊಂದು ಹೆರಿಗೆ ಮಾಡಿಕೊಂಡು ಮೆರೆಯುವುದೂ ಅದಕ್ಕೇ. ತೊಟ್ಟಿ ತುಂಬಿತೆಂದು ಪುಣ್ಯಕಾರ್ಯದಂತೆ ಗಪ್ಪಿಗಳನ್ನು ಕೆರೆಗೆ ಸುರಿದು ಬರುವವರನ್ನು ನಾನೇ ನೋಡಿದ್ದೇನೆ. ಆ ಕೆರೆಗಳಲ್ಲಿ ಒಂದು ಕಾಲಕ್ಕೆ ಇದ್ದ ಪಕ್ಕೆ, ಗೆಂಡೆ, ಸಸಲುಗಳಿಗೆ ಹೊಸಬರ ಜೊತೆ ತುತ್ತಿನ ಪೈಪೋಟಿ. ಗಾಂಬೂಸಿಯಾವಂತೂ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಬಡಾವಣೆಯ ಹೆಸರಿನ ನಡುವೆಯೇ ಒಂದು ಕೆರೆಯಿದೆ. ಅಲ್ಲಿ ನಿಂತು ಊರಿನ ಮೀನು ತೋರಿಸಿ ಎಂದರೆ ಹುಡುಗರು ತೋರಿಸುವುದು ಟ್ರಿನಿಡಾಡಿನ ಮೀನನ್ನು.

ನನ್ನ ತೊಟ್ಟಿಗೆ ಮರಳುತ್ತೇನೆ. ಶ್ರೀರಂಗಪಟ್ಟಣದ ಮೀನು ಮನೆಯಲ್ಲಿದೆ ಎಂಬ ಹಿಗ್ಗು ಹೆಚ್ಚು ದಿನ ಉಳಿಯಲಿಲ್ಲ. ಮೀನುಗಳು ಬೆಳೆದಂತೆ ಗಂಡುಗಳ ಬೆನ್ನಿನ ರೆಕ್ಕೆಯಿಂದ ಉದ್ದುದ್ದ ಎಳೆಗಳು ಇಳಿದವು. ಇ.ಜಿ. ಸೈಲಸ್ 1954ರಲ್ಲಿ ತಮಿಳುನಾಡಿನ ತಾಮಿರಬರಣಿ ನದಿಯಿಂದ ಗುರುತಿಸಿದ ದಾಯಾದಿ ಮೀನಿನ ಲಕ್ಷಣ ಇದು. ಅರುಲಿಯಸ್ ಎಂಬ ಹೆಸರಲ್ಲಿ ಮಾರಾಟವಾಗುವುದು ಬಹುಪಾಲು ಈ ತಾಮಿರಬರಣಿಯ ಮೀನೇ. ಎರಡೂ ಈಗ 'ಡಾಕಿನ್ಸಿಯಾ' ಕುಲದಲ್ಲಿವೆ. 2012ರಲ್ಲಿ ರಿಚರ್ಡ್ ಡಾಕಿನ್ಸ್ ಹೆಸರಲ್ಲಿ ಇಟ್ಟದ್ದು. ಜೆರ್ಡನ್ ನೋಡಿದ ಕಾವೇರಿಗೆ ಕನ್ನಂಬಾಡಿ ಕಟ್ಟೆ ಇರಲಿಲ್ಲ, ಮರಳು ಲಾರಿಗಳಿರಲಿಲ್ಲ. ನಿಜವಾದ ಅರುಲಿ ಇಂದು ಅಳಿವಿನಂಚಿನಲ್ಲಿದೆ. ಅದರ ಹೆಸರು ಮಾತ್ರ ಇನ್ನೊಂದು ನದಿಯ ಮೀನಿನ ಮೇಲೆ ಕೂತು ದೇಶದೇಶ ತಿರುಗುತ್ತಿದೆ.

ಆ ಹೆಸರೂ ಪೂರ್ತಿ ಕೈಗೆ ಸಿಗುವುದಿಲ್ಲ. ರೋಮನ್ ಲಿಪಿಗೆ ಲ ಮತ್ತು ಳ ಒಂದೇ. ಶ್ರೀರಂಗಪಟ್ಟಣದ ದಡದಲ್ಲಿ ಜೆರ್ಡನ್ನನ ಕಿವಿಗೆ ಬಿದ್ದದ್ದು ಅರುಲಿಯೋ, ಅರುಳಿಯೋ? ತೊಟ್ಟಿಗೆ ಅಂಟಿಸಲು ಕನ್ನಡದಲ್ಲೊಂದು ಚೀಟಿ ಬರೆಯಹೊರಟು ಆ ಅಕ್ಷರದ ಹತ್ತಿರ ಪೆನ್ನು ನಿಂತಿತು. ಚೀಟಿ ಇನ್ನೂ ಮೇಜಿನ ಮೇಲಿದೆ.

ನಲ್ಲಿಯಲ್ಲಿ ಬರುವುದು ಕಾವೇರಿ ನೀರೇ. ಶ್ರೀರಂಗಪಟ್ಟಣ ದಾಟಿ ಇಳಿದ ಹೊಳೆಯನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಸುಮಾರು 100 ಕಿಲೋಮೀಟರ್ ದೂರದ ಈ ನಗರಕ್ಕೆ ಎತ್ತಿ ತರುವುದು 1974ರಿಂದ ನಡೆದಿದೆ. ನಮ್ಮ ಬೀದಿಗೆ ದಿನ ಬಿಟ್ಟು ದಿನ ಬೆಳಗಿನ ಜಾವ ಬಿಡುತ್ತಾರೆ. ಎದ್ದು ಎರಡು ಬಕೆಟ್ ಹಿಡಿದು ಬಾಲ್ಕನಿಯಲ್ಲಿಡುತ್ತೇನೆ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಿಂದಲೇ ಕೇಳುತ್ತಾರೆ: "ಯಾಕಮ್ಮಾ, ಹಿಡಿದ ನೀರನ್ನ ಹಂಗೇ ಇಟ್ಟಿದ್ದೀಯ?"

"ನಾಳೆವರೆಗೂ ಇರಬೇಕು ಅಜ್ಜಿ, ಮೀನಿಗೆ" ಅನ್ನುತ್ತೇನೆ.