ಹಂದಿಮರಿಯ ಕರುಳಿನಲ್ಲಿ ಜಾಗ ಹಿಡಿದವರು

ಮುಂಬೈಯ ಗ್ರಾಂಟ್ ರೋಡಿಗೂ ಬೈಕುಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿಗೂ ಒಬ್ಬನದೇ ಹೆಸರು: 1835ರಿಂದ 1838ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್. ಆ ಕಾಲೇಜಿನ ಪುಟ್ಟ ಪ್ರಯೋಗಾಲಯದಲ್ಲಿ 1896ರಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸಿ, ಕಾಯಿಸಿ ಕೊಂದು, ಲಸಿಕೆ ಮಾಡಿದ. 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ಸತ್ತ ಬ್ಯಾಕ್ಟೀರಿಯಾ ಬದುಕಿದವರನ್ನು ಕಾಯುವ ವಿದ್ಯೆ ಅದು. ಒಡೆಸ್ಸಾದಲ್ಲಿ ಅವನಿಗೆ ಪಾಠ ಹೇಳಿದ್ದ ಮೆಚ್ನಿಕಾಫ್ ಮಾತ್ರ ಪ್ಯಾರಿಸ್ಸಿನಲ್ಲಿ ಕೂತು ಬೇರೆಯದೇ ಮಾತು ಆಡತೊಡಗಿದ: ಜೀವಂತ ಬ್ಯಾಕ್ಟೀರಿಯಾವನ್ನೇ ಕರುಳಿಗೆ ಕಳಿಸಿ, ಹುಳಿಹಾಲು ಕುಡಿಯಿರಿ. ಮೊಸರನ್ನ ಉಣ್ಣುವವರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಆದರೆ ಯಾವ ಬ್ಯಾಕ್ಟೀರಿಯಾ, ಯಾರ ಕರುಳಿಗೆ?

ಈ ಪ್ರಶ್ನೆ ಹಂದಿದೊಡ್ಡಿಯಲ್ಲಿ ಜೀವ ಉಳಿಸುವ ಪ್ರಶ್ನೆಯಾಯಿತು. ಹಂದಿಯ ಮಾಸಿನ ಮೂಲಕ ತಾಯಿಯ ರೋಗನಿರೋಧಕ ಕಣಗಳು ಮರಿಗೆ ದಾಟುವುದಿಲ್ಲ; ಹುಟ್ಟಿದ ದಿನ ಕುಡಿಯುವ ಗಿಣ್ಣುಹಾಲೇ ಅದರ ಮೊದಲ ಕವಚ. ದೊಡ್ಡ ಫಾರಂಗಳಲ್ಲಿ ಮೂರು ನಾಲ್ಕು ವಾರಕ್ಕೇ ಮರಿಯ ಹಾಲು ಬಿಡಿಸುತ್ತಾರೆ. ತಾಯಿ ದೂರ, ಆಹಾರ ಹೊಸದು, ಕರುಳು ಎಳೆಯದು. ಅದೇ ಹೊತ್ತಿಗೆ ಇ. ಕೊಲೈನ ಕೆಲವು ತಳಿಗಳು ಕೂದಲಿನಂಥ ಎಳೆಗಳಿಂದ ಕರುಳಗೋಡೆಗೆ ಅಂಟಿ ವಿಷ ಬಿಡುತ್ತವೆ. ಭೇದಿ ಹತ್ತಿದ ಮರಿ ಮೈಯ ನೀರೆಲ್ಲ ಕಳೆದುಕೊಂಡು ಸಾಯುತ್ತದೆ.

ಇದಕ್ಕೆ ಸುಲಭದ ದಾರಿಯಾಗಿ ಸಿಕ್ಕಿದ್ದು ಮೇವಿಗೆ ಆಂಟಿಬಯಾಟಿಕ್ ಬೆರೆಸುವುದು. ಹಾಗೆ ಬೆರೆಸಿದ ಔಷಧಗಳಲ್ಲಿ ಕೊಲಿಸ್ಟಿನ್ ಒಂದು. ಮನುಷ್ಯರಿಗೆ ಬೇರೇನೂ ನಾಟದಿದ್ದಾಗ ವೈದ್ಯರು ಕೊನೆಗೆ ಕೈಹಾಕುವ ಮದ್ದೂ ಅದೇ. 2015ರಲ್ಲಿ ಚೀನಾದ ವಿಜ್ಞಾನಿಗಳು ಒಂದು ಹಂದಿಯ ಇ. ಕೊಲೈಯಲ್ಲಿ ಕೊಲಿಸ್ಟಿನ್ನಿಗೆ ಬಗ್ಗದ ಜೀನ್ ಕಂಡರು. ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹಾರಬಲ್ಲುದಾಗಿತ್ತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮೇವಿನ ಆಂಟಿಬಯಾಟಿಕ್ ನಿಲ್ಲಿಸಿದರೆ ಮರಿಯನ್ನು ಕಾಯುವುದು ಹೇಗೆ ಎಂಬುದು ರೈತನ ಪಾಲಿಗೆ ಉಳಿಯಿತು.

ಒಂದು ಉತ್ತರ ಕೋಳಿಮರಿಗಳಿಂದ ಬಂದಿತ್ತು. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂತಲಾ, ಬೆಳೆದ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನು ಆಗತಾನೇ ಮೊಟ್ಟೆಯೊಡೆದ ಮರಿಗಳಿಗೆ ಕುಡಿಸಿದರು. ಸಾಲ್ಮೊನೆಲ್ಲಾಕ್ಕೆ ನೆಲೆಯೂರುವುದು ಕಷ್ಟವಾಯಿತು. ಲೋಕಲ್ ರೈಲಿನ ಸೀಟಿನ ಲೆಕ್ಕ ಇದು: ಮೊದಲೇ ಕೂತವರು ಏಳುವುದಿಲ್ಲ. ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಕೂತರೆ ಸುತ್ತಲಿನದನ್ನೆಲ್ಲ ಹುಳಿ ಮಾಡುತ್ತವೆ, ಕರುಳಿನ ಊಟದಲ್ಲೂ ಪಾಲು ಕೇಳುತ್ತವೆ.

ಬರೇಲಿಯ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಹಂದಿಯ ಮಲದಿಂದಲೇ ಪೀಡಿಯೊಕಾಕಸ್ ಆಸಿಡಿಲ್ಯಾಕ್ಟಿಸಿಯ ಒಂದು ತಳಿಯನ್ನು ಬೇರ್ಪಡಿಸಿ, ಡೈರಿ ಮೂಲದ ಲ್ಯಾಕ್ಟೊಬ್ಯಾಸಿಲಸ್ಸಿನ ಜೊತೆಗಿಟ್ಟು, ಹಾಲು ಬಿಡಿಸಿದ ಮರಿಗಳಿಗೆ ತಿನ್ನಿಸಿ ನೋಡಿದರು. 2017–18ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಂದಿಯದೇ ಹೊಟ್ಟೆಯಿಂದ ಬಂದ ತಳಿ ಮರಿಗಳಿಗೆ ಹೆಚ್ಚು ಒಗ್ಗಿತ್ತು. ಭೇದಿ ತಗ್ಗಿತ್ತು, ಬೆಳವಣಿಗೆ ಸುಧಾರಿಸಿತ್ತು. ಆದರೆ ಈ ಜೀವಗಳನ್ನು ಬಾಟಲಿಗೆ ತುಂಬಿ ಅಂಗಡಿಯಲ್ಲಿ ವರ್ಷಗಟ್ಟಲೆ ಇಡುವಂತಿಲ್ಲ. ಬೇಸಿಗೆಯ ಬಿಸಿಗೆ ಅವು ಸಾಯುತ್ತವೆ, ಮೇವನ್ನು ಬಿಸಿ ಹಬೆಯಲ್ಲಿ ಗುಳಿಗೆ ಮಾಡಿದರೂ ಸಾಯುತ್ತವೆ. ಸತ್ತ ಬ್ಯಾಕ್ಟೀರಿಯಾ ಹಾಫ್‌ಕಿನ್‌ಗೆ ಸಾಕಾಗಿತ್ತು. ಹಂದಿ ಸಾಕುವವನಿಗೆ ಅವು ಬದುಕಿಯೇ ಮರಿಯ ಕರುಳು ಮುಟ್ಟಬೇಕು.