ಕೋಠಿಯ ಮಂತ್ರಾಲೋಚನೆ

ಹೈದರಾಬಾದಿನ ದಿವಾನನಾಗಿದ್ದ ಮೀರ್ ಆಲಂ ಕುಷ್ಠರೋಗದಿಂದ ಬಹುಕಾಲ ನರಳಿ 1808ರ ಕೊನೆಯಲ್ಲಿ ತೀರಿಕೊಂಡಾಗ, ಅವನ ಸ್ಥಾನಕ್ಕೆ ಯಾರು ಬರಬೇಕೆಂಬ ಪ್ರಶ್ನೆಯು ಮೂಸಿ ನದಿಯ ದಕ್ಷಿಣಕ್ಕಿದ್ದ ನಿಜಾಮನ ಅರಮನೆಯಲ್ಲಿ ಎದ್ದಂತೆಯೇ ಉತ್ತರ ದಂಡೆಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆನ್ಸಿಯಲ್ಲಿಯೂ ಎದ್ದಿತು. ರಾಜ್ಯ ಯಾರದೋ ಆ ಅರಸನಿಗೆ ತನ್ನ ಮಂತ್ರಿಯನ್ನು ತಾನೇ ಆರಿಸಿಕೊಳ್ಳುವ ಅಧಿಕಾರ ಉಳಿದಿದೆಯೇ ಇಲ್ಲವೇ ಎಂಬುದು ತೀರ್ಮಾನವಾದದ್ದು ಈ ಎರಡನೆಯ ದಂಡೆಯಲ್ಲಿ. ಜನರ ಬಾಯಲ್ಲಿ ಇಂದಿಗೂ ಕೋಠಿ ಎಂದೇ ನಿಂತಿರುವ ಆ ಭವನವನ್ನು ಮದರಾಸಿನ ಎಂಜಿನಿಯರ್ ಪಡೆಯ ಸ್ಯಾಮ್ಯುಯೆಲ್ ರಸೆಲ್ ಎಂಬ ತರುಣ ಅಧಿಕಾರಿ ರೂಪಿಸಿದನು. ಹಣವನ್ನು ಕೊಟ್ಟವನು ನಿಜಾಮನು. ವಿಶಾಲವಾದ ಕಲ್ಲಿನ ಮೆಟ್ಟಿಲುಸಾಲು, ಅದರ ಇಕ್ಕೆಲದಲ್ಲಿ ಮಲಗಿರುವ ಎರಡು ಸಿಂಹಗಳು, ಮೇಲೆ ಗಗನಕ್ಕೆ ನೆಗೆದಂತಿರುವ ಸ್ತಂಭಗಳ ಮುಖಮಂಟಪ: ಇವನ್ನು ದಾಟಿ ಒಳಹೊಕ್ಕ ಅಮೀರನಿಗೆ, ತಾನು ವ್ಯಾಪಾರಿಗಳ ಪ್ರತಿನಿಧಿಯೊಬ್ಬನನ್ನು ಕಾಣಬಂದಿದ್ದೇನೆಂಬ ಭಾವನೆ ಖಂಡಿತವಾಗಿಯೂ ಉಳಿದಿರಲಾರದು. ಈಗ ಅಲ್ಲಿ ಹೆಣ್ಣುಮಕ್ಕಳ ವಿಶ್ವವಿದ್ಯಾಲಯವಿದೆ.

ಈ ಕಥೆಯ ಮೂಲ ಹತ್ತು ವರ್ಷ ಹಿಂದಿನದು. 1798ರ ಸೆಪ್ಟೆಂಬರಿನಲ್ಲಿ ನಿಜಾಮ್ ಅಲಿ ಖಾನನು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ ತನ್ನ ದೊಡ್ಡ ಪಡೆಯನ್ನು ವಿಸರ್ಜಿಸಿ ಇಂಗ್ಲಿಷರ ಪಟಾಲಮುಗಳನ್ನು ಬರಮಾಡಿಕೊಂಡನು. ಮರುವರ್ಷ ಶ್ರೀರಂಗಪಟ್ಟಣವು ಬಿದ್ದಾಗ ಮುತ್ತಿಗೆಯಲ್ಲಿದ್ದ ನಿಜಾಮನ ಸೈನ್ಯದ ಮುಖ್ಯಸ್ಥನು ಈ ಮೀರ್ ಆಲಮನೇ. 1800ರ ಅಕ್ಟೋಬರಿನ ಒಪ್ಪಂದದಂತೆ, ಆ ಪಟಾಲಮುಗಳ ವೆಚ್ಚಕ್ಕಾಗಿ, ಮೈಸೂರಿನಿಂದ 1792ರಲ್ಲಿಯೂ 1799ರಲ್ಲಿಯೂ ತನ್ನ ಪಾಲಿಗೆ ಬಂದಿದ್ದ ಪ್ರದೇಶಗಳನ್ನು ನಿಜಾಮನು ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟನು. ಬಳ್ಳಾರಿಯ ಕನ್ನಡಿಗನು ಮದರಾಸಿನ ಆಡಳಿತಕ್ಕೆ ಸೇರಿದ್ದೂ, ರಾಯಚೂರು, ಕಲಬುರಗಿಗಳ ಕನ್ನಡಿಗನು ಹೈದರಾಬಾದಿನಲ್ಲಿಯೇ ಉಳಿದದ್ದೂ, ತುಂಗಭದ್ರೆಯ ಎರಡು ದಡಗಳಲ್ಲಿ ಒಂದೇ ಮಾತನ್ನಾಡುವ ಜನರು ನೂರೈವತ್ತಾರು ವರ್ಷ ಬೇರೆ ಬೇರೆ ಕಚೇರಿಗಳಿಗೆ ಕಂದಾಯ ತೆತ್ತದ್ದೂ ಈ ಒಂದು ಕಾಗದದಿಂದ. ಆದಕಾರಣ ಹೈದರಾಬಾದಿನ ದಿವಾನರ ಪೈಪೋಟಿಯನ್ನು ಯಾವುದೋ ದೂರದ ದರ್ಬಾರಿನ ಒಳಜಗಳವೆಂದು ನಾವು ಬದಿಗೆ ಸರಿಸುವಂತಿಲ್ಲ.

1803ರಲ್ಲಿ ನಿಜಾಮ್ ಅಲಿಯೂ, ಮರುವರ್ಷ ಅವನ ಪ್ರಬಲ ಮಂತ್ರಿ ಅರಸ್ತು ಜಾಹನೂ ಗತಿಸಿದರು. ಮರಾಠರೊಡನೆಯ ಯುದ್ಧ ಆಗತಾನೇ ಒಂದು ಹಂತಕ್ಕೆ ಬಂದು, ಹೋಳ್ಕರನೊಡನೆಯ ಯುದ್ಧ ಆರಂಭವಾಗಿದ್ದ ಕಾಲವದು; ದಕ್ಷಿಣದ ಬೆನ್ನೆಲುಬಿನಂತಿದ್ದ ಹೈದರಾಬಾದು ಅಲುಗಿದರೆ ತಮ್ಮ ಸಮಸ್ತ ವ್ಯೂಹವೂ ಅಲುಗುವುದೆಂಬ ಭೀತಿ ಕಲ್ಕತ್ತೆಯನ್ನು ಆವರಿಸಿತ್ತು. ಹೊಸ ನಿಜಾಮ ಸಿಕಂದರ್ ಜಾಹನ ವಿಶ್ವಾಸಕ್ಕೆ ಪಾತ್ರನಾಗಿದ್ದವನು ರಾಜಾ ಮಹೀಪತ್ ರಾಮ್. ಇಂಗ್ಲಿಷರ ವಿಶ್ವಾಸಕ್ಕೆ ಪಾತ್ರನಾಗಿದ್ದವನು ಮೀರ್ ಆಲಂ. ದಿವಾನಗಿರಿ ಮೀರ್ ಆಲಮನಿಗೆ ದೊರೆಯಿತು. ಅಷ್ಟರಿಂದ ಪೈಪೋಟಿ ಮುಗಿಯಲಿಲ್ಲ. ಅರಸನು ಮಹೀಪತ್ ರಾಮನ ಮಾತಿಗೆ ಕಿವಿಗೊಡುತ್ತಿದ್ದನು, ಕಚೇರಿಯು ಮೀರ್ ಆಲಮನ ಮೊಹರಿನಿಂದ ನಡೆಯುತ್ತಿತ್ತು. ಕೊನೆಗೆ ದಿವಾನನು ಪ್ರಾಣಭಯದಿಂದ ರೆಸಿಡೆನ್ಸಿಯ ಆಶ್ರಯವನ್ನು ಬೇಡುವಷ್ಟರ ಮಟ್ಟಿಗೆ ಅದು ಬೆಳೆಯಿತು.

ಆಗ ಗವರ್ನರ್ ಜನರಲನ ಪೀಠದಲ್ಲಿದ್ದವನು ಸರ್ ಜಾರ್ಜ್ ಬಾರ್ಲೋ. ದೇಶೀಯ ರಾಜ್ಯಗಳ ಒಳಾಡಳಿತದಲ್ಲಿ ಕೈಹಾಕಬಾರದೆಂಬ ನೀತಿಗೆ ಅವನ ಹೆಸರು ಅಂಟಿಕೊಂಡಿದೆ. ರಜಪೂತ ಸಂಸ್ಥಾನಗಳನ್ನು ಅವುಗಳ ಪಾಡಿಗೆ ಬಿಟ್ಟವನು ಅವನು. ಆದರೆ ಹೈದರಾಬಾದಿನ ವಿಷಯ ಬಂದಾಗ ಆ ನೀತಿ ಬದಿಗೆ ಸರಿಯಿತು: ಮೀರ್ ಆಲಮನನ್ನು ಅಧಿಕಾರದಲ್ಲಿ ನೆಲೆಗೊಳಿಸತಕ್ಕದ್ದು, ಮಹೀಪತ್ ರಾಮನನ್ನು ದರ್ಬಾರಿನಿಂದ ದೂರಮಾಡತಕ್ಕದ್ದು ಎಂಬ ಒತ್ತಾಯ ನಿಜಾಮನ ಮುಂದೆ ಬಂದಿತು. ಮಹೀಪತ್ ರಾಮನು ದೂರವಾದನು, ದಂಗೆಯೆದ್ದನು, ಸೋತು ಹೋಳ್ಕರನ ಸೀಮೆಗೆ ಓಡಿಹೋದನು. ಸಿಕಂದರ್ ಜಾಹನು ಅಲ್ಲಿಂದ ಮುಂದಕ್ಕೆ ರಾಜ್ಯಭಾರದಲ್ಲಿ ಆಸಕ್ತಿಯನ್ನೇ ಕಳೆದುಕೊಂಡು ಅರಮನೆಯ ಏಕಾಂತದಲ್ಲಿ ಮುಳುಗಿದನು. ಇಂಗ್ಲಿಷ್ ಇತಿಹಾಸಕಾರರು ಅದನ್ನು ಅವನ ಜಡಸ್ವಭಾವಕ್ಕೆ ಹೊರಿಸಿದ್ದಾರೆ. ತಾನು ನಂಬಿದವನನ್ನು ಇರಿಸಿಕೊಳ್ಳಲಾಗದ, ನಂಬದವನನ್ನು ತೆಗೆಯಲಾಗದ ಅರಸನಿಗೆ ಜಡತ್ವವನ್ನು ಬಿಟ್ಟು ಬೇರೇನು ಉಳಿದಿತ್ತೆಂಬುದನ್ನು ಅವರು ಕೇಳಿಕೊಂಡಂತೆ ತೋರುವುದಿಲ್ಲ.

ಇಂತಿರಲು ಮೀರ್ ಆಲಂ ಸತ್ತನು. ನಿಜಾಮನು ಬಯಸಿದ್ದು ಮೃತನ ಅಳಿಯನಾದ ಮುನೀರ್-ಉಲ್-ಮುಲ್ಕನನ್ನು. ಬಾರ್ಲೋನ ಅನಂತರ ಗವರ್ನರ್ ಜನರಲನಾಗಿ ಬಂದ ಮಿಂಟೋ ಪ್ರಭುವಿನ ಸರಕಾರವು ಒಲಿದದ್ದು ಪಾಯಗಾ ಅಮೀರರ ಮುಖ್ಯಸ್ಥನೂ, ಮುಂದೆ ಗಣಿತ, ವಿಜ್ಞಾನಗಳ ಗ್ರಂಥಗಳನ್ನು ತನ್ನದೇ ಮುದ್ರಣಾಲಯದಲ್ಲಿ ಅಚ್ಚುಮಾಡಿಸಿ ಹೆಸರಾದವನೂ ಆದ ಶಂಸ್-ಉಲ್-ಉಮ್ರಾನತ್ತ. ಅಂದಿನ ರೆಸಿಡೆಂಟ್ ಥಾಮಸ್ ಸಿಡನ್‌ಹ್ಯಾಮನ ಸಂಕಟ ಸಣ್ಣದಾಗಿರಲಿಲ್ಲ. ವೆಲ್ಲೂರಿನ ಸಿಪಾಯಿಗಳ ದಂಗೆ ನಡೆದು ಎರಡೂವರೆ ವರ್ಷವೂ ಆಗಿರಲಿಲ್ಲ. ಆ ಅಸಮಾಧಾನದ ಅಲೆ ಹೈದರಾಬಾದಿನ ಪಟಾಲಮುಗಳನ್ನೂ ಮುಟ್ಟಿತ್ತು. ನೆಪೋಲಿಯನ್ನನು ಪರ್ಷಿಯದ ದಾರಿಯಾಗಿ ಬಂದಾನೆಂಬ ಶಂಕೆಯಿಂದ ಮಿಂಟೋ ಪ್ರಭುವು ಲಾಹೋರಿಗೂ ಕಾಬೂಲಿಗೂ ಪರ್ಷಿಯಕ್ಕೂ ದೂತರನ್ನು ಅಟ್ಟಿದ್ದ ದಿನಗಳವು. ಮುನೀರನನ್ನು ಒಪ್ಪಿದರೆ ದುರ್ಬಲನೂ ಅಪನಂಬಿಕೆಗೆ ಪಾತ್ರನೂ ಆದವನ ಕೈಗೆ ಖಜಾನೆ ಹೋಗುವುದು. ಒಪ್ಪದಿದ್ದರೆ ಅರಸನು ಮತ್ತಷ್ಟು ದೂರ ಸರಿಯುವನು. ಕಂಡುಕೊಂಡ ರಾಜಿ ಹೀಗಿತ್ತು: ಮುನೀರ್-ಉಲ್-ಮುಲ್ಕನು ದಿವಾನನಾಗತಕ್ಕದ್ದು, ಆದರೆ ಆಡಳಿತದಲ್ಲಿ ಕೈಹಾಕುವುದಿಲ್ಲವೆಂದು ಬರೆದುಕೊಡತಕ್ಕದ್ದು, ಸಕಲ ಕಾರುಬಾರೂ ದಿವಾನನ ಕೈಕೆಳಗಿನ ಪೇಷ್ಕಾರನಾದ ರಾಜಾ ಚಂದೂಲಾಲನ ಕೈಯಲ್ಲಿರತಕ್ಕದ್ದು. ಮುನೀರನು ಬರೆದುಕೊಟ್ಟನು. ದಿವಾನನ ಖಿಲತ್ತನ್ನು ತೊಟ್ಟು, ದಿವಾನನ ಆಸನದಲ್ಲಿ ಕುಳಿತು, ದಿವಾನನ ಕೆಲಸವೊಂದನ್ನೂ ಮಾಡದೆ ಅವನು 1832ರಲ್ಲಿ ಸಾಯುವವರೆಗೂ ದಿವಾನನಾಗಿಯೇ ಇದ್ದನು.

ಯುದ್ಧಕಾಲದಲ್ಲಿ ದೊಡ್ಡ ಶಕ್ತಿಯೊಂದು ತನ್ನ ಆಶ್ರಿತ ರಾಜ್ಯದ ಇಬ್ಬರು ನಾಯಕರ ನಡುವೆ ತೂಗಿ ನೋಡುವ ಇಂಥ ಪ್ರಸಂಗ ನಮ್ಮ ಕಾಲಕ್ಕೆ ಹತ್ತಿರವಾಗಿಯೂ ನಡೆದಿದೆ. ದಕ್ಷಿಣ ವಿಯೆಟ್ನಾಮಿನಲ್ಲಿ 1965ರಿಂದ ನ್ಗುಯೆನ್ ಕಾವ್ ಕೀ ಪ್ರಧಾನಿಯಾಗಿಯೂ ನ್ಗುಯೆನ್ ವಾನ್ ಥ್ಯೂ ರಾಷ್ಟ್ರದ ಮುಖ್ಯಸ್ಥನಾಗಿಯೂ ಇದ್ದರು. 1967ರ ಚುನಾವಣೆಗೆ ಇಬ್ಬರೂ ಅಧ್ಯಕ್ಷಪದವಿಯನ್ನು ಬಯಸಿದಾಗ, ಸೇನೆ ಎರಡಾಗಿ ಸೀಳೀತೆಂಬ ಚಿಂತೆ ಸೈಗಾನಿನ ಅಮೆರಿಕನ್ ರಾಯಭಾರಿ ಎಲ್ಸ್‌ವರ್ತ್ ಬಂಕರನನ್ನೂ ವಾಷಿಂಗ್ಟನ್ನಿನ ಮಂತ್ರಾಲೋಚಕರನ್ನೂ ಕಾಡಿತು. ಜೂನ್ ಕೊನೆಯಲ್ಲಿ ಸೇರಿದ ಸೇನಾಧಿಪತಿಗಳ ಸಭೆ ಥ್ಯೂವನ್ನು ಅಧ್ಯಕ್ಷಸ್ಥಾನಕ್ಕೂ ಕೀಯನ್ನು ಉಪಾಧ್ಯಕ್ಷಸ್ಥಾನಕ್ಕೂ ನಿಲ್ಲಿಸಿತು. ಸೆಪ್ಟೆಂಬರಿನಲ್ಲಿ ಆ ಜೋಡಿಗೆ ನೂರಕ್ಕೆ ಸುಮಾರು 35 ಮತಗಳು ಬಂದವು. ಅಲ್ಲಿ ಪದವಿಯೂ ಅಧಿಕಾರವೂ ಕ್ರಮೇಣ ಒಬ್ಬನಲ್ಲಿಯೇ ಕೂಡಿ, ಇನ್ನೊಬ್ಬನು ಬರಿದಾದನು. ಹೈದರಾಬಾದಿನಲ್ಲಿ ಪದವಿಯನ್ನು ಒಬ್ಬನಿಗೂ ಅಧಿಕಾರವನ್ನು ಮತ್ತೊಬ್ಬನಿಗೂ ಹಂಚಲಾಯಿತು. ಎರಡು ಕಡೆಗಳಲ್ಲಿಯೂ ಹೊರಗಿನ ಶಕ್ತಿ ಕೇಳಿದ ಪ್ರಶ್ನೆ ಮಾತ್ರ ಒಂದೇ: ಇವರಲ್ಲಿ ಯಾರಿದ್ದರೆ ನಮ್ಮ ಯುದ್ಧಕ್ಕೆ ಅಡ್ಡಿಯಾಗದು? ಯಾರು ಆಳಿದರೆ ಆ ನೆಲದ ಜನ ನೆಮ್ಮದಿಯಾಗಿ ಬದುಕುವರೆಂಬ ಪ್ರಶ್ನೆಗೆ ಅಂಥ ಸಭೆಗಳಲ್ಲಿ ಆಸನವಿರುವುದಿಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ. ಹೈದರಾಬಾದಿನ ರಾಜಿಯು ರೈತನ ಹೊಲದವರೆಗೆ ನಡೆದುಹೋದ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಚಂದೂಲಾಲನು ಅಸಮರ್ಥನಲ್ಲ. ಶಾದಾನ್ ಎಂಬ ಕಾವ್ಯನಾಮದಿಂದ ಕವಿತೆ ಬರೆದವನು, ಕವಿಗಳಿಗೆ ಆಶ್ರಯವಿತ್ತವನು, ದಾನಕ್ಕೆ ಪ್ರಸಿದ್ಧನು, ಮೂವತ್ತನಾಲ್ಕು ವರ್ಷ ಒಂದು ದೊಡ್ಡ ರಾಜ್ಯದ ಲೆಕ್ಕಪತ್ರಗಳನ್ನೆಲ್ಲ ಬೆರಳ ತುದಿಯಲ್ಲಿ ಇರಿಸಿಕೊಂಡವನು. ಆದರೆ ಅವನ ಅಧಿಕಾರಕ್ಕೆ ಅರಸನ ಪ್ರೀತಿಯಾಗಲಿ ಅಮೀರರ ಬೆಂಬಲವಾಗಲಿ ಆಧಾರವಾಗಿರಲಿಲ್ಲ. ರೆಸಿಡೆಂಟನ ಪ್ರಸನ್ನತೆಯೊಂದೇ ಆಧಾರ. 1811ರಲ್ಲಿ ಬಂದ ರೆಸಿಡೆಂಟ್ ಹೆನ್ರಿ ರಸೆಲ್ಲನು ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ, ನಿಜಾಮನ ಖರ್ಚಿನಲ್ಲಿ, ಒಂದು ಪಡೆಯನ್ನು ಕಟ್ಟತೊಡಗಿದಾಗ ಬೇಡವೆನ್ನುವ ಬಲ ಚಂದೂಲಾಲನಿಗೆ ಎಲ್ಲಿಂದ ಬರಬೇಕು? 1800ರ ಒಪ್ಪಂದದಂತೆ ಯುದ್ಧ ಒದಗಿದಾಗ 6,000 ಕಾಲಾಳುಗಳನ್ನೂ 9,000 ಸವಾರರನ್ನೂ ಒದಗಿಸುವುದು ಮಾತ್ರ ನಿಜಾಮನ ಹೊಣೆ. ಶಾಂತಿಕಾಲದಲ್ಲಿಯೂ ಸಂಬಳ ತಿನ್ನುವ ಸ್ಥಾಯಿ ಪಡೆಯ ಮಾತು ಅದರಲ್ಲಿರಲಿಲ್ಲ. ರಸೆಲ್ಲನ ಹೆಸರನ್ನೇ ಹೊತ್ತ ಆ ದಳವು 1817ರ ಡಿಸೆಂಬರಿನಲ್ಲಿ ಮಹಿದ್‌ಪುರದಲ್ಲಿ ಹೋಳ್ಕರನ ಸೈನ್ಯದ ವಿರುದ್ಧ ಕಾದಿತು. ಯುದ್ಧ ಕಂಪನಿಯದು, ಸಂಬಳದ ಚೀಟಿ ಬರುತ್ತಿದ್ದುದು ಚಂದೂಲಾಲನಿಗೆ.

ಸಂಬಳ ಒಂದು ತಿಂಗಳು ತಡವಾದರೂ ರೆಸಿಡೆನ್ಸಿ ಮುನಿಯುವುದು. ಕಂದಾಯವಾದರೋ ಸುಗ್ಗಿಯ ಹೊರತು ಬಾರದು. ನಡುವಣ ಅಂತರವನ್ನು ತುಂಬಿದ್ದು ಸಾಲ. ವಿಲಿಯಂ ಪಾಮರನ ಸಾಹುಕಾರಿ ಅಂಗಡಿಯು ರೆಸಿಡೆನ್ಸಿಯ ನೆರಳಿನಲ್ಲಿಯೇ ಬೆಳೆದು, 1816ರಲ್ಲಿ ಗವರ್ನರ್ ಜನರಲನ ವಿಶೇಷ ಅನುಮತಿಯನ್ನೂ ಪಡೆದು, ನೂರಕ್ಕೆ ಇಪ್ಪತ್ತೈದರ ಆಸುಪಾಸಿನ ಬಡ್ಡಿಗೆ ನಿಜಾಮನ ಸರಕಾರಕ್ಕೆ ಹಣ ಕೊಟ್ಟಿತು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫ್, ಹನ್ನೆರಡು ವರ್ಷ ಹಿಂದೆ ಲಾಹೋರಿಗೆ ದೂತನಾಗಿ ಹೋಗಿದ್ದ ಅದೇ ತರುಣನು, ಅರುವತ್ತು ಲಕ್ಷದ ಹೊಸ ಸಾಲದಲ್ಲಿ ಬಹುಭಾಗ ಹಳೆಯ ಸಾಲದ ರೂಪಾಂತರವೇ ಎಂಬುದನ್ನು ಕಂಡು, ತನ್ನವರ ಕೋಪವನ್ನು ಲೆಕ್ಕಿಸದೆ ಅದನ್ನು ಬಯಲಿಗೆಳೆದನು. ಆ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಪಾಮರನ ಬಾಕಿಯನ್ನು ತೀರಿಸಲು ದೊರೆತ ಉಪಾಯವಾವುದು? ಉತ್ತರ ಸರಕಾರ್ ಸೀಮೆಗಾಗಿ ಕಂಪನಿಯು ನಿಜಾಮನಿಗೆ ವರ್ಷವರ್ಷವೂ ತೆರುತ್ತಿದ್ದ ಏಳು ಲಕ್ಷದ ಪೇಷ್‌ಕಷನ್ನು 1,16,66,666 ರೂಪಾಯಿಗೆ ಶಾಶ್ವತವಾಗಿ ಬಿಡಿಸಿಕೊಂಡದ್ದು. ಸಾಲವು ತೀರಿತು, ಆದಾಯವೂ ತೀರಿತು, ಪಡೆಯ ಸಂಬಳ ಮಾತ್ರ ಹಾಗೆಯೇ ಉಳಿಯಿತು.

ಹಳ್ಳಿಗಳಲ್ಲಿ ಇದರ ಪರಿಣಾಮ ಗುತ್ತೇದಾರನ ರೂಪದಲ್ಲಿ ಕಾಣಿಸಿಕೊಂಡಿತು. ತಾಲೂಕಿನ ಕಂದಾಯವನ್ನು ಗುತ್ತಿಗೆಗೆ ಹಿಡಿದವನು ನಜರಾನೆಯನ್ನು ಮೊದಲೇ ಹೈದರಾಬಾದಿಗೆ ಕಟ್ಟಬೇಕು. ಅದಕ್ಕಾಗಿ ಸಾಹುಕಾರನಲ್ಲಿಯೋ ಅರಬ್ ಜಮಾದಾರನಲ್ಲಿಯೋ ಬಡ್ಡಿಗೆ ತರಬೇಕು. ಹೆಚ್ಚು ಹಣ ಕೊಡುವ ಇನ್ನೊಬ್ಬನು ಬಂದರೆ ವರ್ಷ ಮುಗಿಯುವ ಮೊದಲೇ ತಾಲೂಕು ಕೈತಪ್ಪಿ ಹೋಗಬಹುದು. ಹಾಗಾಗಿ ಜೋಳದ ತೆನೆಯಲ್ಲಿ ಹಾಲು ಕಟ್ಟುವ ಮುನ್ನವೇ ಅವನ ಜನ ಹೊಲದ ಬದುವಿನಲ್ಲಿ ನಿಲ್ಲುತ್ತಿದ್ದರು. ಮುಂದಿನ ವರ್ಷ ತಾನು ಇರುವೆನೋ ಇಲ್ಲವೋ ಎಂಬುವನಿಗೆ ಕೆರೆಯ ಹೂಳೆತ್ತಿಸುವ ಚಿಂತೆ ಏಕೆ? ರೈತನು ಕೃಷ್ಣೆಯನ್ನೋ ತುಂಗಭದ್ರೆಯನ್ನೋ ದಾಟಿ ಕಂಪನಿಯ ಸೀಮೆಗೆ ಹೋದರೆ ಹೊಲ ಬೀಳುಬೀಳುವುದು, ಉಳಿದವರ ಮೇಲೆ ಭಾರ ಹೆಚ್ಚುವುದು. ಮೆಟ್ಕಾಫನು ಜಿಲ್ಲೆಗಳಿಗೆ ಇಂಗ್ಲಿಷ್ ಅಧಿಕಾರಿಗಳನ್ನು ಕಳುಹಿಸಿ ಇದನ್ನು ತಡೆಯಲು ನೋಡಿದನು. 1829ರಲ್ಲಿ ಪಟ್ಟಕ್ಕೆ ಬಂದ ನಾಸಿರ್-ಉದ್-ದೌಲನ ಕೋರಿಕೆಯಂತೆ ಅವರು ಹಿಂದಿರುಗಿದರು.

1843ರಲ್ಲಿ ಚಂದೂಲಾಲನು ಖಜಾನೆಯ ಬರಿದುತನದ ನಡುವೆ ರಾಜೀನಾಮೆಯಿತ್ತನು. ಅನಂತರದ ಹತ್ತು ವರ್ಷಗಳಲ್ಲಿ ದಿವಾನಗಿರಿಯು ಕೈಯಿಂದ ಕೈಗೆ ಹಾರಿತು. ಮುನೀರ್-ಉಲ್-ಮುಲ್ಕನ ಮಗ ಸಿರಾಜ್-ಉಲ್-ಮುಲ್ಕನು ಎರಡು ಬಾರಿ ಬಂದನು. ಬಾಕಿಯಾದ ಸಂಬಳದ ಲೆಕ್ಕ ಮಾತ್ರ ಬೆಳೆಯುತ್ತಲೇ ಇದ್ದಿತು. 1853ರ ಮೇ 21ರಂದು ಗವರ್ನರ್ ಜನರಲ್ ಡಾಲ್‌ಹೌಸಿಯ ಒತ್ತಾಯಕ್ಕೆ ಮಣಿದು ನಾಸಿರ್-ಉದ್-ದೌಲನು ಬೇರಾರ್ ಪ್ರಾಂತವನ್ನೂ ಧಾರಾಶಿವ ಸೀಮೆಯನ್ನೂ ರಾಯಚೂರು ದೋಆಬನ್ನೂ ಇಂಗ್ಲಿಷರ ವಶಕ್ಕೆ ಒಪ್ಪಿಸಿದನು. ಸಿರಾಜನು ಅದಾದ ಒಂದು ವಾರದೊಳಗೆ ಸತ್ತನು. ಅವನ ಅಣ್ಣನ ಮಗ, ಇಪ್ಪತ್ತನಾಲ್ಕು ವರ್ಷದ ಸಾಲಾರ್ ಜಂಗನು ದಿವಾನನಾದನು. ಕೈಹಾಕುವುದಿಲ್ಲವೆಂದು ಬರೆದುಕೊಟ್ಟವನ ಮೊಮ್ಮಗನು ಮೂವತ್ತು ವರ್ಷ ರಾಜ್ಯದ ಕೀಲುಕೀಲಿನಲ್ಲಿ ಕೈಯಾಡಿಸಿ ಗುತ್ತಿಗೆಯ ಪದ್ಧತಿಯನ್ನು ತೆಗೆದುಹಾಕಿದನು, 1865ರಲ್ಲಿ ಜಿಲ್ಲೆಗಳನ್ನು ಏರ್ಪಡಿಸಿದನು.

ಅವನ ಕಾಲದಲ್ಲಿಯೂ ಯುದ್ಧ ಬಂದಿತು. 1857ರ ಜುಲೈ 17ರಂದು ತುರ್ರೇಬಾಜ್ ಖಾನನೂ ಮೌಲ್ವಿ ಅಲಾಉದ್ದೀನನೂ ಜನರನ್ನು ಕೂಡಿಕೊಂಡು ರೆಸಿಡೆನ್ಸಿಯ ಮೇಲೆ ಬಿದ್ದಾಗ, ಸಾಲಾರ್ ಜಂಗನು ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಕಾದಾಡಿ, ಕೋಟೆಯನ್ನು ಬಿಟ್ಟು ಹೈದರಾಬಾದಿಗೆ ಬಂದಾಗ ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದವನೂ ಈ ದಿವಾನನೇ. ಸುರಪುರದ ಬೇಡರ ಸಂಸ್ಥಾನ ಅಲ್ಲಿಗೆ ಮುಗಿಯಿತು. 1860ರ ಒಪ್ಪಂದದಿಂದ ಧಾರಾಶಿವವೂ ರಾಯಚೂರು ದೋಆಬವೂ ನಿಜಾಮನಿಗೆ ಮರಳಿದವು, ಐವತ್ತು ಲಕ್ಷದ ಸಾಲ ರದ್ದಾಯಿತು, ಸುರಪುರವು ನಿಷ್ಠೆಯ ಬಹುಮಾನವಾಗಿ ಸೇರಿತು. ಸಾಲಾರ್ ಜಂಗನ ಆಡಳಿತವನ್ನು ಎಷ್ಟು ಗೌರವಿಸಿದರೂ ಸುರಪುರದ ಈ ಪುಟವನ್ನು ನೋವಿಲ್ಲದೆ ಓದುವುದು ಕನ್ನಡಿಗನಿಗೆ ಸಾಧ್ಯವಿಲ್ಲ.

ಆದರೆ ಬೇರಾರ್ ಪ್ರಾಂತವು ಮರಳಿ ಬರಲಿಲ್ಲ. ಅದನ್ನು ಮರಳಿ ಕೇಳುವುದಕ್ಕಾಗಿ ಸಾಲಾರ್ ಜಂಗನು 1876ರಲ್ಲಿ ಇಂಗ್ಲೆಂಡಿನವರೆಗೂ ಹೋದನು. ಮರುವರ್ಷ, ಬಾಲಕನಾಗಿದ್ದ ನಿಜಾಮ್ ಮಹಬೂಬ್ ಅಲಿ ಖಾನನಿಗೆ ಸಾಲಾರ್ ಜಂಗನೊಡನೆ ರೀಜೆಂಟನಾಗಿದ್ದ ಅಮೀರ್-ಎ-ಕಬೀರನು ತೀರಿಕೊಂಡೊಡನೆ, ಲಿಟ್ಟನ್ ಪ್ರಭುವಿನ ಸರಕಾರವು, ಸಾಲಾರ್ ಜಂಗನ ಕಡುವೈರಿಯಾದ ವಿಕಾರ್-ಉಲ್-ಉಮ್ರಾನನ್ನು ಅವನ ಪಕ್ಕದಲ್ಲಿ ತಂದು ಕೂರಿಸಿತು. ಸಾಲಾರ್ ಜಂಗನು ಪ್ರತಿಭಟಿಸಿ ಕೊನೆಗೆ ತಲೆಬಾಗಿದನು. 1857ರಲ್ಲಿ ಆ ಸಾಮ್ರಾಜ್ಯದ ದಕ್ಷಿಣವನ್ನು ಕಾದವನಿಗೂ, ಒಂದು ನ್ಯಾಯವಾದ ಬೇಡಿಕೆಯನ್ನು ಮುಂದಿಟ್ಟೊಡನೆ, ಪ್ರತಿಸ್ಪರ್ಧಿಯೊಬ್ಬನು ಸಿದ್ಧನಾಗಿದ್ದನು. 1883ರ ಫೆಬ್ರವರಿಯಲ್ಲಿ ಕಾಲರಾ ತಗುಲಿ ಸಾಲಾರ್ ಜಂಗನು ಸತ್ತನು. 1902ರಲ್ಲಿ ಕರ್ಜನ್ ಪ್ರಭುವು ವರ್ಷಕ್ಕೆ ಇಪ್ಪತ್ತೈದು ಲಕ್ಷದಂತೆ ಬೇರಾರಿನ ಶಾಶ್ವತ ಗುತ್ತಿಗೆಯನ್ನು ನಿಜಾಮ್ ಮಹಬೂಬ್ ಅಲಿ ಖಾನನಿಂದ ಬರೆಯಿಸಿಕೊಂಡನು.