ಗೌಡ: ಹುದ್ದೆ ಹೆಸರಾದ ಬಗೆ

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೆಸರಿನ ತುದಿಯಲ್ಲಿ ‘ಗೌಡ’ ಎಂದಿದ್ದರೆ ಇಂದು ಅದನ್ನು ಜಾತಿಯ ಗುರುತೆಂದೋ ಮನೆತನದ ಹೆಸರೆಂದೋ ಓದುತ್ತೇವೆ. ಹುಟ್ಟಿನಲ್ಲಿ ಅದು ಊರಿನ ಯಜಮಾನಿಕೆ ಹೊತ್ತವನ ಹುದ್ದೆ.

ಶಾಸನಗಳ ಗಾವುಂಡ

ಕನ್ನಡ ಶಾಸನಗಳಲ್ಲಿ ಗಾಮುಂಡ, ಗಾವುಂಡ, ಗೌಂಡ, ಗೌಡ ಎಂಬ ರೂಪಗಳು ಸಿಗುತ್ತವೆ. ‘ಗ್ರಾಮ’ವೇ ಅದರ ಬೇರು ಎಂಬುದು ವಿದ್ವಾಂಸರಲ್ಲಿ ಹೆಚ್ಚು ಒಪ್ಪಿತವಾದ ಮಾತು. ಊರಿಗೆ ಊರ್ಗಾವುಂಡ, ಹಲವು ಊರು ಸೇರಿದ ನಾಡಿಗೆ ನಾಳ್ಗಾವುಂಡ. ಕಂದಾಯ ಎತ್ತುವುದು, ವ್ಯಾಜ್ಯ ತೀರಿಸುವುದು, ದೇವಸ್ಥಾನಕ್ಕೆ ಬಿಟ್ಟ ಭೂಮಿಗೆ ಸಾಕ್ಷಿ ನಿಲ್ಲುವುದು, ಕೆರೆ ಕಟ್ಟಿಸುವುದು ಇವರ ಪಾಲಿನ ಕೆಲಸ. ತುರುಗಳನ್ನು ಹೊಡೆದೊಯ್ಯಲು ಬಂದವರೊಡನೆ ಕಾದಿ ಮಡಿದ ಗಾವುಂಡರಿಗೆ ವೀರಗಲ್ಲುಗಳಿವೆ.

ಹುದ್ದೆ ಗಂಡಸರದ್ದಷ್ಟೇ ಆಗಿರಲಿಲ್ಲ. 10ನೇ ಶತಮಾನದ ಆರಂಭದಲ್ಲಿ, ಇಂದಿನ ಶಿಕಾರಿಪುರದ ಕಡೆಯ ನಾಗರಖಂಡ-70 ಎಂಬ ನಾಡಿನ ನಾಳ್ಗಾವುಂಡ ತೀರಿಕೊಂಡಾಗ ಅಧಿಕಾರ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಆಕೆ ಅದನ್ನು ಸಮರ್ಥವಾಗಿ ನಡೆಸಿದಳೆಂದು ಶಾಸನವೇ ಹೊಗಳುತ್ತದೆ. ಗೌಡಿಕೆಯ ಚರಿತ್ರೆ ಹೇಳುವವರು ಈಕೆಯನ್ನು ಮರೆಯಬಾರದು.

ಹುದ್ದೆಯೇ ಹೆಸರಾದದ್ದು ಸ್ಕಾಟ್ಲೆಂಡಿನಲ್ಲೂ ಉಂಟು. ಅಲ್ಲಿ ಹಲವು ಹೆಸರು ತಂದೆಯಿಂದ ಬಂದವು: ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ಆದರೆ ಸ್ಟುವರ್ಟ್ ಎಂಬುದು ಅರಮನೆಯ ಮೇಲ್ವಿಚಾರಕನ ಹುದ್ದೆಯಿಂದ ಬಂದ ಹೆಸರು. ವಂಶಪಾರಂಪರ್ಯವಾಗಿ ಆ ಹುದ್ದೆ ಹಿಡಿದ ಮನೆತನ ಮುಂದೆ ರಾಜವಂಶವೇ ಆಯಿತು.

ಕುಲದ ಗುರುತು ಬೇರೆ

‘ಗೌಡ’ ಒಕ್ಕಲಿಗರೊಬ್ಬರ ಸೊತ್ತಲ್ಲ. ಲಿಂಗಾಯತರಲ್ಲಿ, ಕುರುಬರಲ್ಲಿಯೂ ಗೌಡರಿದ್ದಾರೆ. ಹಾಸನದ ಕಡೆ ಹೆಚ್ಚಾಗಿರುವ ಗಂಗಡಿಕಾರ ಒಕ್ಕಲಿಗರ ಹೆಸರು ‘ಗಂಗವಾಡಿ’ಯಿಂದ, ಅಂದರೆ ತಲಕಾಡಿನ ಗಂಗರು ಆಳಿದ ನಾಡಿನಿಂದ ಬಂದದ್ದು. ‘ಗೌಡ’ ಎಂಬುದರಿಂದ ಕುಲ ತಿಳಿಯದ ಕಾರಣ, ಮದುವೆಯ ಸಂಬಂಧ ಬೆಳೆಸುವಾಗ ಹಿರಿಯರು ಕೇಳುವುದು ‘ಮನೆದೇವರು ಯಾವುದು?’ ಎಂದು. ಹಲವೆಡೆ ಒಂದೇ ದೇವರ ಒಕ್ಕಲಿನವರು ಅಣ್ಣತಮ್ಮಂದಿರು. ಅವರೊಳಗೆ ಹೆಣ್ಣು ತರುವುದಿಲ್ಲ.

ಹೆಸರು ಕಟ್ಟುವ ಕ್ರಮ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಲ್ಲಿ ಎಚ್ ಊರು, ಡಿ ತಂದೆ ದೊಡ್ಡೇಗೌಡರು. ಮಕ್ಕಳಾದ ರೇವಣ್ಣ, ಕುಮಾರಸ್ವಾಮಿಯವರ ಇನಿಷಿಯಲ್ಲೂ ಎಚ್.ಡಿ.ಯೇ, ಆದರೆ ಅಲ್ಲಿ ಡಿ ಎಂದರೆ ದೇವೇಗೌಡ. ಆ ಮಕ್ಕಳ ಹೆಸರಿನ ತುದಿಯಲ್ಲಿ ‘ಗೌಡ’ ಇಲ್ಲವೇ ಇಲ್ಲ. ಅಂದರೆ ಅದು ವ್ಯಕ್ತಿಯ ಹೆಸರಿನ ಬಾಲವೇ ಹೊರತು ತಲೆಮಾರಿನಿಂದ ತಲೆಮಾರಿಗೆ ಇಳಿಯಲೇಬೇಕಾದ ಅಡ್ಡಹೆಸರಲ್ಲ.

ಊರ ಯಜಮಾನಿಕೆಯಾದ ಪಟೇಲಿಕೆ, ಊರ ಲೆಕ್ಕ ಬರೆಯುವ ಶಾನುಭೋಗಿಕೆ ಎಂಬ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಹುದ್ದೆ ಹೋದರೂ ಹೆಸರು ಉಳಿಯಿತು. ಪಾಸ್‌ಪೋರ್ಟಿನ ಅರ್ಜಿ ಅಡ್ಡಹೆಸರು ಕೇಳಿದಾಗ ಈಗ ಹಲವರು ‘ಗೌಡ’ ಎಂದಷ್ಟೇ ತುಂಬುತ್ತಾರೆ. ಊರೂ ತಂದೆಯೂ ಹೆಸರಿನಿಂದ ಜಾರಿಹೋಗುತ್ತಾರೆ. ನಿಮ್ಮ ಇನಿಷಿಯಲ್ಲಿನ ಊರು ಯಾವುದು, ಮನೆದೇವರು ಯಾರು ಎಂದು ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.